ಮಾತು ಬಲ್ಲವರಿಗೂ ರೋಗವುಂಟು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ನಮ್ಮ ಆರೋಗ್ಯಾಡಳಿತ ತನಗೆ ಬೇಕಾದ ಹಾಗೆ ತಿದ್ದಿಕೊಂಡಿದೆ. ಅದರ ಪ್ರಕಾರ ಮಾತು ಬಲ್ಲವನಿಗೇ ರೋಗವಿಲ್ಲ. ಸಾಂಕ್ರಾಮಿಕ ಬಂತೆಂದರೆ ಆಟೋಗಳ ಮೇಲೆ ಮೈಕು ಏರುತ್ತದೆ, ಪಂಚಾಯಿತಿ ಗೋಡೆಗೆ ಪೋಸ್ಟರ್ ಅಂಟುತ್ತದೆ, ಶಾಲಾ ಮಕ್ಕಳ ಜಾಥಾ ಹೊರಡುತ್ತದೆ, ಫೋನಿನ ಕರೆ ಹೋಗುವ ಮೊದಲು ಒಂದು ಉಪದೇಶ ಮೊಳಗುತ್ತದೆ. ಇಷ್ಟಾಗಿಯೂ ರೋಗ ಹರಡಿದರೆ ಕಡತಕ್ಕೆ ಬರೆಯಬೇಕಾದ ಷರಾ ಮೊದಲೇ ಸಿದ್ಧವಿರುತ್ತದೆ: ಜನ ಸಹಕರಿಸಲಿಲ್ಲ.

ಜನ ಏಕೆ ಸಹಕರಿಸಲಿಲ್ಲ ಎಂಬ ಪ್ರಶ್ನೆಗೆ ವಿದ್ಯಾವಂತರ ವಲಯದಲ್ಲಿ ಎರಡು ಉತ್ತರಗಳು ಚಾಲ್ತಿಯಲ್ಲಿವೆ. ಒಂದು ಪಂಗಡದವರಿಗೆ ಭಯವೇ ಮದ್ದು. ಸಾವಿನ ಲೆಕ್ಕ ತೋರಿಸಿ, ಲಾಠಿ ತೋರಿಸಿ, ನಮ್ಮ ಜನ ಹೆದರಿಸದಿದ್ದರೆ ಬಗ್ಗುವುದಿಲ್ಲ ಎನ್ನುತ್ತಾರೆ. ಕೋವಿಡ್ ಕಾಲದಲ್ಲಿ ದಿನವಿಡೀ ‘ಕೊರೊನಾ ಸ್ಫೋಟ’ ನಡೆಸುತ್ತಿದ್ದ ಟಿ.ವಿ. ಪರದೆಗಳು ಈ ಪಂಗಡಕ್ಕೆ ಸೇರಿದವು. ಇನ್ನೊಂದು ಪಂಗಡ ಹೆಚ್ಚು ಓದಿಕೊಂಡದ್ದು, ನಯವಾದದ್ದು. ಹೆದರಿಸಬೇಡಿ, ಓಲೈಸಿ, ‘ನಿಮಗಾಗಿ’ ಎನ್ನುವ ಬದಲು ‘ನಿಮ್ಮವರಿಗಾಗಿ’ ಎನ್ನಿ, ಎಷ್ಟು ಜನ ಸಾಯುತ್ತಾರೆ ಎಂಬುದನ್ನು ಬಿಟ್ಟು ಎಷ್ಟು ಜನ ಉಳಿಯುತ್ತಾರೆ ಎಂಬುದನ್ನು ಹೇಳಿ ಎನ್ನುತ್ತದೆ. ಇವರ ಬಳಿ ಮನಃಶಾಸ್ತ್ರದ ಪುಸ್ತಕಗಳಿವೆ, ಇಲಾಖೆಗಳಲ್ಲಿ ಸಲಹೆಗಾರರ ಕುರ್ಚಿಗಳಿವೆ.

ಇವರಿಬ್ಬರ ಜಗಳ ಸ್ವರದ ಬಗ್ಗೆ ಮಾತ್ರ. ಸಹಕಾರ ಹುಟ್ಟುವುದೂ ಸಾಯುವುದೂ ಕೇಳುವವನ ಕಿವಿಯಲ್ಲಿ ಎಂಬ ವಿಷಯದಲ್ಲಿ ಇಬ್ಬರೂ ಒಂದೇ. ನನ್ನ ತಕರಾರು ಈ ಒಮ್ಮತದ ಮೇಲೆ. ಜನ ಸಂದೇಶವನ್ನು ಕೇಳುವುದಿಲ್ಲ ಎಂಬ ಮಾತೇ ಸುಳ್ಳು. ಅವರು ಅದನ್ನು ಪೂರ್ತಿ ಕೇಳುತ್ತಾರೆ. ಮೈಕು ಹೇಳಿದ್ದನ್ನೂ, ಮೈಕಿನ ಹಿಂದೆಯೇ ಬಂದ ಪೊಲೀಸ್ ಜೀಪನ್ನೂ, ಕರೆದರೂ ಬಾರದ ಆಂಬುಲೆನ್ಸನ್ನೂ, ಪ್ರಾಥಮಿಕ ಆರೋಗ್ಯ ಕೇಂದ್ರದ ಖಾಲಿ ಕಪಾಟನ್ನೂ ಒಟ್ಟಿಗೆ ಸೇರಿಸಿ ಅರ್ಥ ಮಾಡಿಕೊಳ್ಳುತ್ತಾರೆ. ನಾವು ಅವಿಧೇಯತೆ ಎನ್ನುವುದು ಬಹಳ ಸಲ ಈ ಪೂರ್ತಿ ಓದಿನ ಫಲ.

ಮಾತಿನ ಧಾಟಿಗೆ ಇಷ್ಟೊಂದು ಮಹತ್ವ ಬಂದದ್ದು ಎಲ್ಲಿಂದ ಎಂದು ನೋಡಿದರೆ ಒಂದು ಸೋಜಿಗವಿದೆ. 1981ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಏಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ ಪ್ರಕಟಿಸಿದ ಲೇಖನ ಈ ಶಾಸ್ತ್ರದ ಮೂಲಪಾಠ. ಅದರ ಹೆಸರಾಂತ ಉದಾಹರಣೆಯೂ ಸಾಂಕ್ರಾಮಿಕದ್ದೇ. ಒಂದು ಕಾಯಿಲೆ 600 ಜನರನ್ನು ಕೊಲ್ಲಲಿದೆ ಎಂದುಕೊಳ್ಳಿ. ಮೊದಲ ಯೋಜನೆಯಿಂದ 200 ಜನ ಖಂಡಿತ ಬದುಕುತ್ತಾರೆ. ಎರಡನೆಯದರಲ್ಲಿ ಮೂರರಲ್ಲೊಂದು ಪಾಲು ಸಾಧ್ಯತೆಯಿಂದ ಎಲ್ಲರೂ ಬದುಕುತ್ತಾರೆ, ಮೂರರಲ್ಲೆರಡು ಪಾಲು ಸಾಧ್ಯತೆಯಿಂದ ಯಾರೂ ಉಳಿಯುವುದಿಲ್ಲ. ಹೀಗೆ ಕೇಳಿದಾಗ ಶೇ. 72ರಷ್ಟು ಮಂದಿ ಮೊದಲ ಯೋಜನೆಯನ್ನು ಆರಿಸಿದರು. ಅದೇ ಲೆಕ್ಕವನ್ನು ‘400 ಜನ ಸಾಯುತ್ತಾರೆ’ ಎಂದು ತಿರುಗಿಸಿ ಹೇಳಿದಾಗ ಶೇ. 78ರಷ್ಟು ಮಂದಿ ಜೂಜಿನ ಕಡೆ ಹೊರಳಿದರು. ಅಂಕಿ ಒಂದೇ, ಮಾತು ಬೇರೆ, ಆಯ್ಕೆ ತಲೆಕೆಳಗು. ಮನುಷ್ಯನ ವಿವೇಚನೆಯ ಬಗ್ಗೆ ಇದು ದೊಡ್ಡ ಶೋಧ, ಅದರಲ್ಲಿ ಸಂಶಯವಿಲ್ಲ.

ಆದರೆ ಉತ್ತರ ಕೊಟ್ಟವರು ಯಾರ ಜಾಗದಲ್ಲಿ ನಿಂತಿದ್ದರು? ಸ್ಟ್ಯಾನ್‌ಫರ್ಡ್ ಮತ್ತು ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಅಲ್ಲಿ ಒಂದು ಗಳಿಗೆ ಆರೋಗ್ಯ ಮಂತ್ರಿಗಳಾಗಿದ್ದರು. ಬೇರೆಯವರ ಜೀವಗಳ ಬಗ್ಗೆ ಕಾಗದದ ಮೇಲೆ ಗುರುತು ಹಾಕಿದರು. ಅವರಲ್ಲಿ ಯಾರೂ ದಿನಗೂಲಿ ಬಿಡಬೇಕಿರಲಿಲ್ಲ, ಜ್ವರ ಬಂದ ಮಗುವನ್ನು ಯಾವುದೋ ಶೆಡ್ಡಿಗೆ ಒಪ್ಪಿಸಬೇಕಿರಲಿಲ್ಲ. ಅಧಿಕಾರಸ್ಥರ ಮನಸ್ಸು ಹೇಗೆ ವಾಲುತ್ತದೆ ಎಂದು ತೋರಿಸಿದ ಪ್ರಯೋಗವನ್ನು ನಾವು ರೋಗಿಯ ಮನಸ್ಸನ್ನು ವಾಲಿಸುವ ಸಲಕರಣೆಯೆಂದು ತಿಳಿದೆವು.

ನಿಜವಾದ ಸಾಂಕ್ರಾಮಿಕದ ನಡುವೆಯೇ ಈ ಸಲಕರಣೆಯನ್ನು ಪರೀಕ್ಷಿಸಿದ್ದೂ ಆಗಿದೆ. ಕೋವಿಡ್ ಸಂದೇಶಗಳನ್ನು ಲಾಭದ ಧಾಟಿಯಲ್ಲಿ ಹೇಳಿದರೆ ಏನಾಗುತ್ತದೆ, ನಷ್ಟದ ಧಾಟಿಯಲ್ಲಿ ಹೇಳಿದರೆ ಏನಾಗುತ್ತದೆ ಎಂದು 84 ದೇಶಗಳ ಸುಮಾರು 16 ಸಾವಿರ ಜನರ ಮೇಲೆ ನಡೆದ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಮುನ್ನೆಚ್ಚರಿಕೆ ಪಾಲಿಸುವ ಇರಾದೆಯಲ್ಲಾಗಲಿ, ಸರ್ಕಾರದ ಕ್ರಮಗಳಿಗೆ ಕೊಡುವ ಬೆಂಬಲದಲ್ಲಾಗಲಿ ಎರಡು ಧಾಟಿಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಂಡ ವ್ಯತ್ಯಾಸ ಒಂದೇ: ನಷ್ಟದ ಧಾಟಿ ಕೇಳಿದವರಲ್ಲಿ ಆತಂಕ ಹೆಚ್ಚಿತು. ಅಂದರೆ ಹೆದರಿಸುವ ಪಂಗಡಕ್ಕೆ ಹೆದರಿಕೆಯಷ್ಟೇ ಗಿಟ್ಟಿತು, ಕೆಲಸ ಗಿಟ್ಟಲಿಲ್ಲ.

ಇನ್ನು ಓಲೈಸುವ ಪಂಗಡದ ಮಾತು. ಅದರ ಪರೀಕ್ಷೆಗೆ ಪ್ರಯೋಗಾಲಯವೇ ಬೇಕಿಲ್ಲ, 2020ರ ಕರ್ನಾಟಕ ಸಾಕು. ಆ ವರ್ಷ ಫೋನ್ ಎತ್ತಿದರೆ ಕೇಳುತ್ತಿದ್ದ ದನಿ, ನಮ್ಮ ಹೋರಾಟ ರೋಗದ ವಿರುದ್ಧವೇ ಹೊರತು ರೋಗಿಯ ವಿರುದ್ಧವಲ್ಲ ಎನ್ನುತ್ತಿತ್ತು. ಇದಕ್ಕಿಂತ ಮಾನವೀಯವಾದ, ಅಳೆದು ತೂಗಿದ ವಾಕ್ಯವನ್ನು ಯಾವ ಸಲಹೆಗಾರನೂ ಬರೆದುಕೊಡಲಾರ. ಅದೇ ತಿಂಗಳುಗಳಲ್ಲಿ ರಾಜ್ಯದಲ್ಲಿ ನಡೆದದ್ದೇನು? ವಿದೇಶದಿಂದ ಬಂದವರ ಕೈಮೇಲೆ ಅಳಿಸದ ಶಾಯಿಯ ಮುದ್ರೆ ಬಿತ್ತು. ಮನೆ ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳ ಪಟ್ಟಿಯನ್ನು ಜಿಲ್ಲಾವಾರು ಸಿದ್ಧಪಡಿಸಿ ಸರ್ಕಾರವೇ ಅಂತರ್ಜಾಲದಲ್ಲಿ ಹಾಕಿತು. ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗಿನ ಹೊತ್ತು ಬಿಟ್ಟು ಗಂಟೆಗೊಂದು ಸೆಲ್ಫಿ ಕಳಿಸಬೇಕೆಂಬ ಆಜ್ಞೆ ಬಂತು. ಬಾಗಿಲಿಗೆ ನೋಟಿಸು ಅಂಟಿತು. ಜುಲೈ ತಿಂಗಳಲ್ಲಿ ಬೆಂಗಳೂರಿನ ಒಂದು ವಸತಿ ಸಮುಚ್ಚಯದಲ್ಲಿ ಸೋಂಕಿತರ ಫ್ಲಾಟಿನ ಬಾಗಿಲಿಗೆ ತಗಡು ಬಡಿದು ಮುಚ್ಚಿದರು. ಚಿತ್ರಗಳು ಹರಿದಾಡಿದ ಮೇಲೆ ಪಾಲಿಕೆಯ ಆಯುಕ್ತರು ಕ್ಷಮೆ ಕೇಳಿ ತೆಗೆಸಿದರು. ಅದಕ್ಕೂ ಮುಂಚೆ, ಜೂನ್ ಕೊನೆಯಲ್ಲಿ, ಬಳ್ಳಾರಿಯಲ್ಲಿ ಕೋವಿಡ್‌ನಿಂದ ಸತ್ತವರ ದೇಹಗಳನ್ನು ಗುಂಡಿಗೆ ಎಸೆಯುವ ದೃಶ್ಯ ಮನೆಮನೆಯ ಮೊಬೈಲಿಗೆ ತಲುಪಿತ್ತು. ಅಲ್ಲಿಯೂ ಜಿಲ್ಲಾಡಳಿತ ಕ್ಷಮೆ ಕೇಳಿತು.

ಈಗ ಹೇಳಿ, ಲಕ್ಷಣ ಕಂಡ ಕೂಡಲೇ ಪರೀಕ್ಷೆಗೆ ಬನ್ನಿ ಎಂಬ ಕರೆಗೆ ಹಿಂಜರಿದ ಮನುಷ್ಯ ತಿಳಿಗೇಡಿಯೇ? ಅವನ ಮುಂದೆ ಎರಡು ಸಂದೇಶಗಳಿದ್ದವು. ಒಂದು ಫೋನಿನಲ್ಲಿ, ಒಂದು ಪಕ್ಕದ ಮನೆಯ ಬಾಗಿಲಲ್ಲಿ. ಅವನು ಎರಡನೆಯದನ್ನು ನಂಬಿದ. ನಿಮ್ಮ ವಾಕ್ಯ ಎಷ್ಟು ಮೃದುವಾಗಿದ್ದರೂ ಬಾಗಿಲಿಗೆ ಬಡಿದ ತಗಡು ಅದಕ್ಕಿಂತ ಗಟ್ಟಿಯಾಗಿ ಮಾತಾಡುತ್ತದೆ.

ಇದ್ದಲ್ಲೇ ಇರಿ ಎಂಬ ಕರೆಯ ಕತೆಯೂ ಹೀಗೆಯೇ. ಮಾರ್ಚ್ 24ರ ರಾತ್ರಿ ಎಂಟಕ್ಕೆ ಘೋಷಣೆ, ನಡುರಾತ್ರಿಯಿಂದ ದೇಶವೇ ಬಂದ್. ಮನೆಯೆಂಬುದು ಕಟ್ಟಡದ ಕಾಮಗಾರಿ ನಡೆಯುವ ಜಾಗದಲ್ಲೇ ಇದ್ದ ತಗಡಿನ ಶೆಡ್ಡು ಆದವರಿಗೆ, ಕೆಲಸ ನಿಂತ ದಿನವೇ ಕೂಲಿಯೂ ನಿಂತಿತ್ತು. ಮೇ ತಿಂಗಳಲ್ಲಿ ಅವರು ಊರಿಗೆ ಹೊರಟಾಗ, ಕಟ್ಟಡ ನಿರ್ಮಾಣ ಉದ್ಯಮದವರೊಂದಿಗೆ ಮುಖ್ಯಮಂತ್ರಿ ನಡೆಸಿದ ಸಭೆಯ ಬೆನ್ನಿಗೇ ರಾಜ್ಯ ಸರ್ಕಾರ ವಲಸಿಗರ ವಿಶೇಷ ರೈಲುಗಳನ್ನು ರದ್ದು ಮಾಡಿಸಿತು. ಟೀಕೆ ಜೋರಾದ ಮೇಲೆ ಎರಡು ಮೂರು ದಿನಗಳಲ್ಲಿ ಮನಸ್ಸು ಬದಲಿಸಿತು. ಇದ್ದಲ್ಲೇ ಇರಿ ಎಂಬ ಮಾತು ನಿಮ್ಮ ಜೀವದ ಕಾಳಜಿಯಿಂದ ಬಂದದ್ದೋ ಬೇರೆಯವರ ಕಾಮಗಾರಿಯ ಕಾಳಜಿಯಿಂದ ಬಂದದ್ದೋ ಎಂಬ ಸಂಶಯ ಒಮ್ಮೆ ಹುಟ್ಟಿದರೆ ಯಾವ ಧಾಟಿಯೂ ಅದನ್ನು ಕಳೆಯಲಾರದು.

ಸಂಶಯಕ್ಕೆ ಹಿನ್ನೆಲೆಯೂ ಇರುತ್ತದೆ. ಏಪ್ರಿಲ್ 2020ರಲ್ಲಿ ಬೆಂಗಳೂರಿನಲ್ಲಿ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆಯಾಯಿತು. ಹಲ್ಲೆಗೆ ಸಮರ್ಥನೆಯಿಲ್ಲ. ಆದರೆ ಅದಕ್ಕೆ ಕೆಲವೇ ವಾರಗಳ ಹಿಂದೆ ಪುಸ್ತಕ, ಪೆನ್ನು ಹಿಡಿದು ಮನೆ ಬಾಗಿಲಿಗೆ ಬರುವವರೆಂದರೆ ಪೌರತ್ವದ ಲೆಕ್ಕಕ್ಕೆ ಬಂದವರು ಎಂಬ ಭಯ ಹಲವು ಓಣಿಗಳಲ್ಲಿ ಮನೆ ಮಾಡಿತ್ತು. ಜ್ವರ ಇದೆಯೇ ಎಂಬ ಪ್ರಶ್ನೆಯಲ್ಲಿ ಯಾವ ದೋಷವೂ ಇರಲಿಲ್ಲ. ಕೇಳುವ ಸರ್ಕಾರದ ಮೇಲೆ ನೆರಳಿತ್ತು. ಆ ನೆರಳನ್ನು ಹೊತ್ತು ಓಡಾಡಿದವರು ತಿಂಗಳಿಗೆ ಕೆಲವೇ ಸಾವಿರ ಗೌರವಧನದ ಹೆಣ್ಣುಮಕ್ಕಳು. ಅದೇ ವರ್ಷದ ಜುಲೈಯಲ್ಲಿ ರಾಜ್ಯದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರ ಪರವಾಗಿ 12 ಸಾವಿರ ರೂಪಾಯಿ ನಿಶ್ಚಿತ ಗೌರವಧನಕ್ಕೂ ಸುರಕ್ಷಾ ಸಾಮಗ್ರಿಗೂ ಒತ್ತಾಯಿಸಿ ಮುಷ್ಕರ ನಡೆಯಿತು. ಅವರಿಗೆ ಹೂಮಳೆಯ ಸಂದೇಶ ಬೇಕಾದಷ್ಟು ಬಂದಿತ್ತು. ಮಾಸ್ಕು ಸಾಕಷ್ಟು ಬಂದಿರಲಿಲ್ಲ.

ನಮ್ಮ ಜನ ಸ್ವಭಾವತಃ ಅಸಹಕಾರಿಗಳು, ಮೂಢನಂಬಿಕೆಯವರು ಎಂಬ ಮಾತಿಗೆ ಪ್ಲೇಗಿನ ಚರಿತ್ರೆಯನ್ನು ಸಾಕ್ಷಿಗೆ ಕರೆಯುವುದುಂಟು. ಆ ಸಾಕ್ಷಿಯನ್ನು ಪೂರ್ತಿ ವಿಚಾರಣೆ ಮಾಡಬೇಕು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಪ್ಲೇಗ್ ಕಾಣಿಸಿತು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. 2020ರಲ್ಲಿ ನಮ್ಮ ಮೇಲೆ ಪ್ರಯೋಗವಾದದ್ದೂ ಅದೇ ಪುಟ್ಟ ಕಾಯಿದೆ. ಪುಣೆಯಲ್ಲಿ ರ‍್ಯಾಂಡ್ ಎಂಬ ಅಧಿಕಾರಿಯ ಕೈಕೆಳಗೆ ಸೈನಿಕರು ಮನೆ ಹೊಕ್ಕು ಶೋಧಿಸಿದರು, ರೋಗಿಗಳನ್ನು ಎಳೆದೊಯ್ದರು. ಆ ಜೂನ್ 22ರ ರಾತ್ರಿ ಚಾಪೇಕರ್ ಸೋದರರು ಅವನಿಗೆ ಗುಂಡಿಟ್ಟರು. ಇಲ್ಲಿಗೆ ಕತೆ ನಿಲ್ಲಿಸಿದರೆ ಜನ ವಿಜ್ಞಾನದ ವೈರಿಗಳಾಗಿ ಕಾಣುತ್ತಾರೆ. ಆದರೆ ಅದೇ ಪುಣೆಯಲ್ಲಿ, ಅದೇ ವರ್ಷ, ಸಾವಿತ್ರಿಬಾಯಿ ಫುಲೆ ತಮ್ಮ ಮಗ ಯಶವಂತ ನಡೆಸುತ್ತಿದ್ದ ಚಿಕಿತ್ಸಾಲಯಕ್ಕೆ ಪ್ಲೇಗ್ ರೋಗಿಗಳನ್ನು ಸೇರಿಸುತ್ತಾ ತಮಗೇ ಸೋಂಕು ತಗುಲಿ ಮಾರ್ಚ್ 10ರಂದು ತೀರಿಕೊಂಡರು. ಸರ್ಕಾರವನ್ನು ಕಟುವಾಗಿ ಟೀಕಿಸುತ್ತಿದ್ದ ತಿಲಕರೇ ಹಿಂದೂ ರೋಗಿಗಳಿಗೆ ಪ್ಲೇಗ್ ಆಸ್ಪತ್ರೆ ತೆರೆದಿದ್ದರು. ಜನ ಚಿಕಿತ್ಸೆಯನ್ನು ತಿರಸ್ಕರಿಸಲಿಲ್ಲ, ಬೂಟುಗಾಲನ್ನು ತಿರಸ್ಕರಿಸಿದರು.

ಮರುವರ್ಷ ಪ್ಲೇಗ್ ಧಾರವಾಡ ಜಿಲ್ಲೆಗೆ ಬಂತು. ಹುಬ್ಬಳ್ಳಿಯಲ್ಲಿ ನಡೆದದ್ದನ್ನು ನಮ್ಮ ಸಂದೇಶಪಂಡಿತರು ಅಪರೂಪಕ್ಕೂ ನೆನೆಯುವುದಿಲ್ಲ. ವಾಲ್ಡೆಮಾರ್ ಹಾಫ್ಕಿನ್ ಮುಂಬಯಿಯಲ್ಲಿ ಕಂಡುಹಿಡಿದು, 1897ರ ಜನವರಿಯಲ್ಲಿ ತನ್ನ ಮೈಗೇ ಮೊದಲು ಚುಚ್ಚಿಕೊಂಡಿದ್ದ ಲಸಿಕೆ ಆಗಿನ್ನೂ ಹೊಸದು, ಚುಚ್ಚಿದರೆ ಜ್ವರ ಬರಿಸುವಂಥದು. 1898ರ ಮೇ ತಿಂಗಳಿಂದ ಸೆಪ್ಟೆಂಬರಿನೊಳಗೆ, ಸುಮಾರು 50 ಸಾವಿರ ಜನರಿದ್ದ ಆ ಊರಿನಲ್ಲಿ 30 ಸಾವಿರಕ್ಕೂ ಹೆಚ್ಚು ಮಂದಿ ಅದನ್ನು ಹಾಕಿಸಿಕೊಂಡರು. ಲ್ಯೂಮನ್ ಎಂಬ ವೈದ್ಯಾಧಿಕಾರಿ ಅಲ್ಲಿ ಮುಂದೆ ನಿಂತಿದ್ದ. ಕಾಯಿದೆ ಪುಣೆಯದ್ದೇ, ಸರ್ಕಾರ ಪರಕೀಯರದ್ದೇ, ಜನರ ಸಾಕ್ಷರತೆ ಪುಣೆಗಿಂತ ಹೆಚ್ಚೇನೂ ಇರಲಿಲ್ಲ. ವ್ಯತ್ಯಾಸ ಬೇರೆ ಕಡೆ ಇತ್ತು. ರೋಗ ಕಣ್ಣೆದುರಿಗಿತ್ತು, ಲಸಿಕೆ ಕೈಗೆ ಸಿಗುವ ಹಾಗಿತ್ತು, ಹಾಕಿಸಿಕೊಂಡವರು ಉಳಿಯುವುದನ್ನು ನೆರೆಹೊರೆ ನೋಡುತ್ತಿತ್ತು, ಹಾಕಿಸಿಕೊಂಡ ಪ್ರಮಾಣಪತ್ರ ಪ್ಲೇಗ್ ನಿರ್ಬಂಧಗಳಿಂದ ವಿನಾಯಿತಿ ತರುತ್ತಿತ್ತು. ಒಪ್ಪಿದರೆ ಏನು ಸಿಗುತ್ತದೆ ಎಂಬುದು ಮಾತಿನಲ್ಲಿ ಉಳಿಯದೆ ಬೀದಿಯಲ್ಲಿ ಕಾಣುತ್ತಿತ್ತು.

ಲಸಿಕೆ ಇಲ್ಲದ ಹಳ್ಳಿಗಳಲ್ಲಂತೂ ಜನ ಯಾರ ಉಪದೇಶಕ್ಕೂ ಕಾಯಲಿಲ್ಲ. ಇಲಿ ಬಿದ್ದರೆ ಊರು ಬಿಡಬೇಕು ಎಂಬ ತಿಳಿವಳಿಕೆ ಕನ್ನಡ ನಾಡಿನ ಹಳ್ಳಿಗಳಲ್ಲಿ ಇತ್ತು. ಊರಿಗೆ ಊರೇ ಹೊಲಗಳಿಗೆ ಹೋಗಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿತ್ತು. ಸರ್ಕಾರ ಬಯಸಿದ್ದೂ ಸೋಂಕಿದ ಮನೆಗಳಿಂದ ಜನ ದೂರವಾಗಲಿ ಎಂದೇ ಅಲ್ಲವೇ? ಆದರೆ ಆಸ್ಪತ್ರೆಯ ಪ್ರತ್ಯೇಕತೆ ಸಂಸಾರವನ್ನು ಒಡೆಯುತ್ತಿತ್ತು, ಹೊಲದ ಗುಡಿಸಲು ಸಂಸಾರವನ್ನು ಇಡಿಯಾಗಿ ಸಾಗಿಸುತ್ತಿತ್ತು. ಮೊದಲನೆಯದಕ್ಕೆ ಪ್ರತಿರೋಧ, ಎರಡನೆಯದಕ್ಕೆ ಸ್ವಯಂಪ್ರೇರಿತ ಪಾಲನೆ. ಈ ಎರಡರ ನಡುವಿನ ಅಂತರವನ್ನು ಯಾವ ಕರಪತ್ರವೂ ತುಂಬುತ್ತಿರಲಿಲ್ಲ.

ಇದೆಲ್ಲ ಹಳೆಯ ಕತೆ ಎನ್ನುವವರು ಮಲೆನಾಡಿಗೆ ಬರಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಗೊತ್ತಾದ ಮಂಗನ ಕಾಯಿಲೆ ಇಂದಿಗೂ ಪ್ರತಿ ಬೇಸಿಗೆಗೆ ಮುಂಚೆ ಹಾಜರಾಗುತ್ತದೆ. ಹರಡುವುದು ಉಣುಗಿನಿಂದ. 2018ರ ಡಿಸೆಂಬರಿನಿಂದ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ಹಲವರ ಜೀವ ತೆಗೆಯಿತು. ಇಲಾಖೆಯ ಅಂದಿನ ಸಂದೇಶದಲ್ಲಿ ವೈಜ್ಞಾನಿಕವಾಗಿ ತಪ್ಪೇನಿರಲಿಲ್ಲ: ಕಾಡಿಗೆ ಹೋಗಬೇಡಿ, ಹೋದರೆ ಮೈಗೆ ಎಣ್ಣೆ ಹಚ್ಚಿ, ಉದ್ದ ತೋಳಿನ ಬಟ್ಟೆ ತೊಡಿ, ಬಂದ ಮೇಲೆ ಬಿಸಿನೀರಿನಲ್ಲಿ ಮೀಯಿರಿ, ಲಸಿಕೆ ಹಾಕಿಸಿಕೊಳ್ಳಿ.

ಈ ಸಂದೇಶ ತಲುಪುವ ಮನೆಯನ್ನೊಮ್ಮೆ ನೋಡಬೇಕು. ಉಣುಗು ಹೆಚ್ಚುವ ತಿಂಗಳುಗಳೂ ಅಡಿಕೆ ಕೊಯ್ಲಿನ ತಿಂಗಳುಗಳೂ ಒಂದೇ. ಕೊಟ್ಟಿಗೆಗೆ ದರಗು ತರಬೇಕಾದದ್ದೂ ಆಗಲೇ, ತೋಟಕ್ಕೆ ಸೊಪ್ಪು ಹೊರಬೇಕಾದದ್ದೂ ಆಗಲೇ, ಉರುವಲು ಕೂಡಿಡಬೇಕಾದದ್ದೂ ಆಗಲೇ. ಸೊಪ್ಪಿನಬೆಟ್ಟ ಮನೆಯ ಹಿತ್ತಿಲಿಗೆ ತಾಗಿಕೊಂಡಿರುತ್ತದೆ. ಸಂಜೆ ದನಗಳು ಉಣುಗನ್ನು ಮೈಮೇಲೆ ಹೊತ್ತುಕೊಂಡೇ ಅಂಗಳಕ್ಕೆ ಬರುತ್ತವೆ. 2020ರಲ್ಲಿ ಪ್ರಕಟವಾದ ಭಾರತ-ಬ್ರಿಟನ್ ಸಂಶೋಧಕರ ಜಂಟಿ ಅಧ್ಯಯನವೂ ಈ ಕಾಯಿಲೆಯ ಅಪಾಯ ಕಾಡು, ತೋಟ, ದನಗಳು ಬೆರೆತ ನೆಲದಲ್ಲಿ ಹೆಚ್ಚೆಂದು ತೋರಿಸಿತು. ಹಾಗಿರುವಾಗ ಕಾಡಿಗೆ ಹೋಗಬೇಡಿ ಎಂದರೆ ಎಲ್ಲಿಗೆ ಹೋಗಬೇಡಿ ಎಂದರ್ಥ? ಕಾಡು ಎಲ್ಲಿ ಮುಗಿದು ಮನೆ ಎಲ್ಲಿ ಶುರುವಾಗುತ್ತದೆ? ಇದನ್ನು ಭಯದ ಧಾಟಿಯಲ್ಲಿ ಹೇಳಿದರೂ ಪ್ರೀತಿಯ ಧಾಟಿಯಲ್ಲಿ ಹೇಳಿದರೂ ಸೊಪ್ಪು ತಾನಾಗಿ ತೋಟಕ್ಕೆ ಬರುವುದಿಲ್ಲ.

ಲಸಿಕೆಯ ಕತೆ ಇನ್ನೂ ಖಾರವಾದದ್ದು. ತಿಂಗಳ ಅಂತರದಲ್ಲಿ ಎರಡು ಡೋಸು, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷವರ್ಷವೂ ಮತ್ತೆ ಬೂಸ್ಟರ್. ಚುಚ್ಚಿದ ಕಡೆ ಜೋರು ನೋವು. 2005ರಿಂದ 2010ರವರೆಗಿನ ಅಂಕಿ ಇಟ್ಟುಕೊಂಡು 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಎರಡು ಡೋಸು ಕೊಡುತ್ತಿದ್ದ ರಕ್ಷಣೆ ಸುಮಾರು ಶೇ. 62, ಬೂಸ್ಟರ್ ಸೇರಿದರೆ ಶೇ. 83. ಹಾಕಿಸಿಕೊಂಡೂ ಕಾಯಿಲೆ ಬಿದ್ದವರು ಊರಲ್ಲಿದ್ದರು. ಜನ ಹಿಂದೆ ಸರಿದಾಗ ಅದಕ್ಕೆ ಕೊಟ್ಟ ಹೆಸರು ಅಸಡ್ಡೆ, ಅರಿವಿನ ಕೊರತೆ. ಪರಿಹಾರ ಎಂದಿನಂತೆ ಇನ್ನಷ್ಟು ಜಾಗೃತಿ. ಕೊನೆಗೆ ಆದದ್ದೇನು? ಆ ಲಸಿಕೆಯ ಪರಿಣಾಮ ಸಾಲದೆಂದು 2022ರಲ್ಲಿ ಅದರ ಬಳಕೆಯನ್ನೇ ನಿಲ್ಲಿಸಲಾಯಿತು. ಹೊಸ ಲಸಿಕೆಯ ಕೆಲಸ ಈಗ ನಡೆದಿದೆ. ಯಾರ ಅರಿವಿನಲ್ಲಿ ಕೊರತೆಯಿತ್ತು ಎಂದು ಈಗ ಕೇಳಬಹುದು. ತಮ್ಮ ತೋಳಿನ ನೋವನ್ನೂ ನೆರೆಮನೆಯ ಜ್ವರವನ್ನೂ ತಾಳೆ ನೋಡಿ ತೀರ್ಮಾನಕ್ಕೆ ಬಂದ ಮಲೆನಾಡಿಗರು ಪೋಸ್ಟರಿಗಿಂತ ವಾಸ್ತವಕ್ಕೆ ಹತ್ತಿರವಿದ್ದರು.

ಹಾಗಾದರೆ ಮಾತಿಗೆ ಬೆಲೆಯೇ ಇಲ್ಲವೇ? ಎದುರು ಪಕ್ಷದವರ ಬಳಿ ಮೂರು ಬಲವಾದ ವಾದಗಳಿವೆ. ಅವುಗಳನ್ನು ಎದುರಿಸದೆ ಮುಂದೆ ಹೋಗುವುದು ನ್ಯಾಯವಲ್ಲ.

ಮೊದಲನೆಯದು ಎಬೋಲಾ. 2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಆರಂಭದ ಸಂದೇಶಗಳು, ಎಬೋಲಾ ಕೊಲ್ಲುತ್ತದೆ, ಅದಕ್ಕೆ ಮದ್ದಿಲ್ಲ ಎಂದು ಸಾರಿದವು. ಮದ್ದೇ ಇಲ್ಲದ ಮೇಲೆ ಆಸ್ಪತ್ರೆಗೆ ಏಕೆ ಹೋಗಬೇಕು ಎಂದು ಜನ ರೋಗಿಗಳನ್ನು ಮನೆಯಲ್ಲೇ ಇಟ್ಟುಕೊಂಡರು. ಬೇಗ ಬಂದರೆ ಬದುಕುವ ಸಾಧ್ಯತೆ ಹೆಚ್ಚು ಎಂದು ಆಮೇಲೆ ಮಾತು ಬದಲಾಯಿತು. ಇಲ್ಲಿ ಧಾಟಿಯ ಪಾತ್ರ ನಿಜ, ಒಪ್ಪುತ್ತೇನೆ. ಆದರೆ ಹೊಸ ಮಾತು ಹಾಸಿಗೆಗಳು ಬಂದದ್ದರಿಂದ ನೆಲೆನಿಂತಿತು. ಸತ್ತವರನ್ನು ಗೌರವದಿಂದ ಮಣ್ಣು ಮಾಡುವ ಕ್ರಮಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿ, ಮನೆಯವರು ದೂರದಿಂದಾದರೂ ನಿಂತು ನೋಡಲು ಅವಕಾಶ ಸಿಕ್ಕಿದ್ದರಿಂದ ನಿಂತಿತು. ಲೈಬೀರಿಯಾದ ಮನ್ರೋವಿಯಾದಲ್ಲಿ ನಡೆದ ಸಮೀಕ್ಷೆಯೊಂದು ಇನ್ನೂ ನಿಚ್ಚಳ. ಸರ್ಕಾರವನ್ನು ನಂಬದವರು ಮುನ್ನೆಚ್ಚರಿಕೆಗಳನ್ನು ಕಡಿಮೆ ಪಾಲಿಸಿದರು, ಆದರೆ ರೋಗದ ಬಗ್ಗೆ ಅವರ ತಿಳಿವಳಿಕೆ ಕಡಿಮೆಯಿರಲಿಲ್ಲ. ಸಂದೇಶ ತಲುಪಿತ್ತು, ನಂಬಿಕೆ ತಲುಪಿರಲಿಲ್ಲ. ಸಿಯೆರಾ ಲಿಯೋನ್‌ನಲ್ಲಿ ಎಬೋಲಾ ಬರುವ ಮೊದಲೇ ಕೆಲವು ಚಿಕಿತ್ಸಾಲಯಗಳಲ್ಲಿ ಊರಿನವರೂ ದಾದಿಯರೂ ಒಟ್ಟಿಗೆ ಕೂತು ಕೆಲಸದ ಲೆಕ್ಕ ನೋಡುವ ಪದ್ಧತಿ ತರಲಾಗಿತ್ತು, ಇನ್ನು ಕೆಲವೆಡೆ ಒಳ್ಳೆಯ ಕೆಲಸಕ್ಕೆ ಸಿಬ್ಬಂದಿಯನ್ನು ಗೌರವಿಸುವ ಪದ್ಧತಿ. ರೋಗ ಬಂದಾಗ ಅಂಥ ಚಿಕಿತ್ಸಾಲಯಗಳ ಸುತ್ತ ವರದಿಯಾದ ಪ್ರಕರಣಗಳು ಬೇರೆಡೆಗಿಂತ ಶೇ. 60ಕ್ಕೂ ಹೆಚ್ಚು. ಮುಚ್ಚಿಡದೆ ಬಂದು ಹೇಳಿದರು ಎಂದರ್ಥ. ಅಲ್ಲಿ ಸಂದೇಶವನ್ನು ಯಾರೂ ತಿದ್ದಿರಲಿಲ್ಲ. ಸಂಬಂಧ ಮೊದಲೇ ಸಿದ್ಧವಾಗಿತ್ತು.

ಎರಡನೆಯದು ಪಶ್ಚಿಮ ಬಂಗಾಳ. 2020ರಲ್ಲಿ ಅಭಿಜಿತ್ ಬ್ಯಾನರ್ಜಿಯವರ ಎರಡೂವರೆ ನಿಮಿಷದ ವಿಡಿಯೊ ಸಂದೇಶವನ್ನು ಸುಮಾರು ಎರಡೂವರೆ ಕೋಟಿ ಜನರಿಗೆ ಕಳಿಸಲಾಯಿತು. ಜ್ವರ, ಕೆಮ್ಮಿನ ಲಕ್ಷಣಗಳನ್ನು ಊರಿನ ಆರೋಗ್ಯ ಕಾರ್ಯಕರ್ತೆಗೆ ತಿಳಿಸುವವರ ಸಂಖ್ಯೆ ಇಮ್ಮಡಿಯಾಯಿತು. ಮಾತು ಕೆಲಸ ಮಾಡಿತು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆದರೆ ಆ ಮಾತಿನಲ್ಲಿ ಇದ್ದದ್ದೇನು? ನೊಬೆಲ್ ಪಡೆದ ತಮ್ಮವನೊಬ್ಬ ತಮ್ಮ ಭಾಷೆಯಲ್ಲಿ, ಯಾರ ಬಳಿ ಹೋಗಿ ಹೇಳಬೇಕು ಎಂದು ತಿಳಿಸಿದ್ದ. ಹೋಗಿ ಹೇಳುವುದಕ್ಕೆ ಊರಲ್ಲೇ ಗೊತ್ತಿರುವ ಒಬ್ಬ ಹೆಣ್ಣುಮಗಳಿದ್ದಳು. ಆಕೆ ಇಲ್ಲದ ಊರಿನಲ್ಲಿ ಆ ವಿಡಿಯೊ ಏನನ್ನು ಇಮ್ಮಡಿಗೊಳಿಸುತ್ತಿತ್ತು?

ಮೂರನೆಯದು ಅಮೆರಿಕದ ಲಸಿಕೆ ಸಂದೇಶಗಳು. 2021ರ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಒಂದು ದೊಡ್ಡ ಆಸ್ಪತ್ರೆ ಜಾಲ, ನಿಮ್ಮ ಪಾಲಿನ ಲಸಿಕೆ ಕಾದಿದೆ ಎಂಬ ಧಾಟಿಯಲ್ಲಿ ಮೊಬೈಲಿಗೆ ಸಂದೇಶ ಕಳಿಸಿದಾಗ ಲಸಿಕೆ ಪಡೆದವರ ಪ್ರಮಾಣ ಗಮನಾರ್ಹವಾಗಿ ಏರಿತು. ಆ ಸುದ್ದಿಯಿಂದ ಎಲ್ಲೆಡೆ ಉತ್ಸಾಹ ಹರಡಿತು. ಕೆಲವೇ ತಿಂಗಳ ಬಳಿಕ ರೋಡ್ ಐಲೆಂಡ್ ರಾಜ್ಯ, ಆಗಲೂ ಲಸಿಕೆ ಪಡೆಯದೆ ಉಳಿದಿದ್ದ ಸುಮಾರು 1.42 ಲಕ್ಷ ಜನರ ನಡುವೆ ಬಗೆಬಗೆಯ ಧಾಟಿಯ ಸಂದೇಶಗಳನ್ನು ಪರೀಕ್ಷಿಸಿತು. ಯಾವುದೂ ಕೆಲಸ ಮಾಡಲಿಲ್ಲ. ಎರಡನ್ನೂ ಕೂಡಿಸಿ ಓದಿದರೆ ಅರ್ಥ ಸ್ಪಷ್ಟ. ಹೊರಟು ನಿಂತವನನ್ನು ಮಾತು ಬಾಗಿಲು ದಾಟಿಸುತ್ತದೆ. ಹೊರಡಲು ಕಾರಣ ಕಾಣದವನನ್ನು ಎಬ್ಬಿಸುವುದಿಲ್ಲ.

ಈ ಮೂರೂ ವಾದಗಳಿಂದ ನಾನು ಕಲಿಯುವುದು ಇಷ್ಟು: ಮಾತಿನ ಶಕ್ತಿ ಎರಡೂ ದಿಕ್ಕಿಗೆ ಸಮವಲ್ಲ. ಕೆಟ್ಟ ಮಾತು ಇದ್ದ ನಂಬಿಕೆಯನ್ನು ಒಂದೇ ದಿನದಲ್ಲಿ ಕೆಡಿಸಬಲ್ಲದು. ಒಳ್ಳೆಯ ಮಾತು ಇಲ್ಲದ ನಂಬಿಕೆಯನ್ನು ಹುಟ್ಟಿಸಲಾರದು, ಇಲ್ಲದ ಹಾಸಿಗೆಯನ್ನಂತೂ ಹಾಸಲಾರದು. ಆದ್ದರಿಂದ ಹೇಳುವಾಗ ಎಚ್ಚರ ಬೇಕು, ಹೇಳಿದ್ದರಿಂದಲೇ ಆಯಿತೆಂಬ ಭ್ರಮೆ ಬೇಡ.

ಇಷ್ಟು ಸರಳವಾದದ್ದು ಆಳುವವರಿಗೆ ಗೊತ್ತಿಲ್ಲವೇ? ಗೊತ್ತಿದೆ. ಆದರೂ ಧಾಟಿಯ ಶಾಸ್ತ್ರ ಅವರಿಗೆ ಪ್ರಿಯವಾಗಲು ಬೇರೆ ಕಾರಣವಿದೆ. ಸೋಲಿಗೆ ಸಂವಹನದ ಕೊರತೆ ಕಾರಣ ಎಂದುಬಿಟ್ಟರೆ ಬೇರೆ ಯಾವ ಕೊರತೆಯ ಬಗ್ಗೆಯೂ ಉತ್ತರ ಕೊಡಬೇಕಿಲ್ಲ. ವೈದ್ಯರ ಹುದ್ದೆ ಖಾಲಿ ಇರುವುದು, ಲಸಿಕೆ ಸಾಲದಿರುವುದು, ಆಶಾ ಕಾರ್ಯಕರ್ತೆಯ ಗೌರವಧನ ತಡವಾಗುವುದು ಇವೆಲ್ಲ ಬಜೆಟ್ಟಿನ ವಿಷಯ; ಅಲ್ಲಿ ಹೆಸರುಗಳಿವೆ, ಸಹಿಗಳಿವೆ. ಅರಿವಿನ ಕೊರತೆ ಮಾತ್ರ ಜನರದ್ದು. 2021ರ ಮೇ ತಿಂಗಳಲ್ಲಿ ಲಸಿಕೆ ಹಾಕಿಸಿಕೊಳ್ಳಿ ಎಂದು ಪ್ರತಿ ಕರೆಗೂ ಮೊಳಗುತ್ತಿದ್ದ ದನಿಯನ್ನು ದೆಹಲಿ ಹೈಕೋರ್ಟ್ ಕಿರಿಕಿರಿ ಎಂದು ಕರೆದು, ಲಸಿಕೆಯೇ ಇಲ್ಲದಿರುವಾಗ ಹಾಕಿಸಿಕೊಳ್ಳುವವರು ಯಾರು ಎಂದು ಕೇಳಿತು. ಅದೇ ದಿನಗಳಲ್ಲಿ ಕರ್ನಾಟಕದಲ್ಲೂ ಲಸಿಕೆ ಕೇಂದ್ರಗಳ ಮುಂದೆ ಸರದಿ ನಿಂತು ಬರಿಗೈಲಿ ಮರಳಿದವರಿಗೆ ಲೆಕ್ಕವಿಲ್ಲ. ಅವರಿಗೆ ಬೇಕಾಗಿದ್ದದ್ದು ಜಾಗೃತಿಯೇ? ಜಾಗೃತರಾಗಿಯೇ ನಸುಕಿನಲ್ಲಿ ಎದ್ದು ಬಂದಿದ್ದರು.

ಓಲೈಸುವ ಪಂಗಡದ ಸಜ್ಜನರಿಗೆ ನನ್ನ ಆಕ್ಷೇಪ ಸ್ವಲ್ಪ ಬೇರೆ. ಅವರಿಗೆ ಜನರ ಮೇಲೆ ಕರುಣೆಯಿದೆ, ಸಂದೇಹವಿಲ್ಲ. ಆದರೆ ಜನರನ್ನು ವಾಲಿಸಬೇಕಾದ ಮನಸ್ಸುಗಳೆಂದು ನೋಡುವ ಅಭ್ಯಾಸ ಬೆಳೆದಂತೆ, ಅವರ ಹಿಂಜರಿಕೆಯನ್ನು ಮಾಹಿತಿಯೆಂದು ನೋಡುವ ಅಭ್ಯಾಸ ಕುಂದುತ್ತದೆ. ಮಂಗನ ಕಾಯಿಲೆಯ ಲಸಿಕೆಗೆ ತೋಳು ಕೊಡದವರು ಲಸಿಕೆಯ ಬಗ್ಗೆ ಏನೋ ಹೇಳುತ್ತಿದ್ದರು. ಪರೀಕ್ಷೆಗೆ ಬಾರದವರು ತಗಡಿನ ಬಗ್ಗೆ ಹೇಳುತ್ತಿದ್ದರು. ಆ ಮಾತನ್ನು ಕೇಳಿಸಿಕೊಂಡು ಕ್ರಮವನ್ನು ತಿದ್ದುವ ಬದಲು ನಾವು ನಮ್ಮ ವಾಕ್ಯವನ್ನು ತಿದ್ದುತ್ತಾ ಕುಳಿತೆವು. ಸಂವಹನ ಎಂಬುದು ಎರಡು ಕಡೆಯ ವ್ಯವಹಾರ ಎಂದು ತರಬೇತಿ ಶಿಬಿರಗಳಲ್ಲಿ ಹೇಳಿಕೊಡುತ್ತಾರೆ. ನಮ್ಮ ಆರೋಗ್ಯ ಸಂದೇಶದ ಇಡೀ ಯಂತ್ರದಲ್ಲಿ ಬಾಯಿಗಳಿವೆ, ಕಿವಿಯಿಲ್ಲ.

ಮಾಡಬೇಕಾದದ್ದು ಕಷ್ಟವೇನಲ್ಲ, ಖರ್ಚಿನದ್ದು. ಎಣ್ಣೆ ಹಚ್ಚಿಕೊಳ್ಳಿ ಎಂಬ ಪ್ರಕಟಣೆ ಹೊರಡುವ ಮುನ್ನ ಎಣ್ಣೆ ಉಪಕೇಂದ್ರಕ್ಕೆ ತಲುಪಿರಬೇಕು. ಮನೆಯಲ್ಲೇ ಇರಿ ಎನ್ನುವ ಆದೇಶದ ಜೊತೆಗೇ ಕೂಲಿ ನಷ್ಟಕ್ಕೆ ಎಷ್ಟು, ಯಾವ ದಿನ, ಯಾರ ಕೈಯಿಂದ ಎಂಬುದೂ ಇರಬೇಕು. ಸೋಂಕಿತರನ್ನು ದೂಷಿಸಬೇಡಿ ಎಂದು ಜನರಿಗೆ ಹೇಳುವ ಮೊದಲು ಸೋಂಕಿತರ ವಿಳಾಸ ಪ್ರಕಟಿಸುವ ಅಧಿಕಾರಿಯನ್ನು ತಡೆಯುವ ನಿಯಮ ಬೇಕು. ರೋಗವಿಲ್ಲದ ವರ್ಷಗಳಲ್ಲೂ ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯ ಸಂಬಳವನ್ನು ಪ್ರಚಾರದ ಖರ್ಚಿನ ಮೊದಲ ಬಾಬ್ತು ಎಂದು ಎಣಿಸಬೇಕು. ಏಕೆಂದರೆ ಸಂಕಟದ ದಿನ ಜನ ನಂಬುವುದು ಸಂಕಟವಿಲ್ಲದ ದಿನ ಬಾಗಿಲಿಗೆ ಬಂದವಳನ್ನು. ಮತ್ತು ಔಷಧಿಯ ಮಿತಿ ಗೊತ್ತಿದ್ದರೆ ಅದನ್ನೂ ಹೇಳಬೇಕು. ಶೇ. 62ರ ಲಸಿಕೆಯನ್ನು ಶೇ. 62ರ ಲಸಿಕೆ ಎಂದೇ ಕೊಟ್ಟರೆ, ಅದನ್ನು ಹಾಕಿಸಿಕೊಂಡೂ ಜ್ವರ ಬಂದವನ ಕಣ್ಣಲ್ಲಿ ಸರ್ಕಾರ ಸುಳ್ಳುಗಾರನಾಗುವುದಿಲ್ಲ.

ಮುಂದಿನ ಸಾಂಕ್ರಾಮಿಕ ಬರುತ್ತದೆ, ಅದರ ಕೊನೆಗೆ ವರದಿಯೂ ಬರುತ್ತದೆ. ಅದರಲ್ಲಿ ಜನ ಸಹಕರಿಸಲಿಲ್ಲ ಎಂಬ ಸಾಲು ಕಂಡರೆ ವಿಧಾನಮಂಡಲವೂ ಪತ್ರಿಕೆಗಳೂ ಆ ಸಾಲನ್ನು ಅಲ್ಲಿಗೇ ಬಿಡಕೂಡದು. ಯಾವ ಕೆಲಸಕ್ಕೆ ಸಹಕಾರ ಕೇಳಿದಿರಿ, ಅದನ್ನು ಮಾಡಲು ಅವರಿಗೆ ಏನು ಕೊಟ್ಟಿರಿ, ಮಾಡಿದವರಿಗೆ ಆಮೇಲೆ ಏನಾಯಿತು ಎಂದು ಕೇಳಬೇಕು. ಈ ಮೂರಕ್ಕೂ ಉತ್ತರವಿದ್ದು, ಆಗಲೂ ಜನ ಬರಲಿಲ್ಲ ಎಂದಾದರೆ ಮಾತ್ರ ಮಾತಿನ ಧಾಟಿಯ ಚರ್ಚೆ ಶುರುವಾಗಲಿ.